ನನ್ನ ಸೂಜಿ, ದೊರೆಯ ಕೈಗುಣ

ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಕಂಪೌಂಡರ್ ಆಗಿದ್ದವನಿಗೆ ನಗುವ ಸಂಗತಿಗಳಿಗೆ ಬರಗಾಲವಿಲ್ಲ, ವಾರಕ್ಕೊಂದಾದರೂ ಆಗಿಯೇ ಆಗುತ್ತದೆ. ಆದರೆ ಊರೆಲ್ಲ ನಕ್ಕು ನಾನೊಬ್ಬ ಮಾತ್ರ ಹೊಟ್ಟೆ ಉರಿದುಕೊಂಡ ಪ್ರಸಂಗಗಳೆಲ್ಲ ಒಂದೇ ಮಳೆಗಾಲದವು. ತೊಂಬತ್ತರ ದಶಕದ ಕೊನೆಯಲ್ಲಿ, ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಕ್ಲಿನಿಕ್ಕಿಗೆ ಹಾಲೆಂಡಿನ ಹುಡುಗನೊಬ್ಬ ಸೇವೆ ಮಾಡಲು ಬಂದ. ಮೆಡಿಕಲ್ ಕಾಲೇಜು ಸೇರುವ ಮೊದಲು ಅವನಿಗೆ ಒಂದಿಷ್ಟು ಅನುಭವ ಬೇಕಿತ್ತಂತೆ. ಆರಡಿ ಎತ್ತರ, ಮಾತಿಗೊಮ್ಮೆ ನಗು. ಊರಿನವರು ಅವನಿಗೆ ‘ದೊರೆ’ ಎಂದು ಹೆಸರಿಟ್ಟರು. ನಾನೂ ಒಂದು ಹೆಸರಿಟ್ಟಿದ್ದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕಮೋಡಿನ ದೆಸೆಯಿಂದ

ದೊರೆ ಯಾರ ಮನೆಯಲ್ಲಿ ಇರಬೇಕು ಎಂಬ ಪ್ರಶ್ನೆ ಬಂದಾಗ ಡಾಕ್ಟರು ಯೋಚನೆಯನ್ನೇ ಮಾಡಲಿಲ್ಲ.

"ನಿಮ್ಮಲ್ಲಿ ಕಮೋಡ್ ಉಂಟಲ್ಲ ಮಾರಾಯ್ರೆ" ಎಂದರು.

ಅಮ್ಮನ ಮಂಡಿನೋವಿಗೆ ಅದನ್ನು ಹಾಕಿಸಿ ಎಂದವರೇ ಅವರು. ನನ್ನ ಮರ್ಯಾದೆ ನೋಡಿ ಅತಿಥಿಯನ್ನು ಕಳಿಸುತ್ತಿದ್ದಾರೆ ಅಂದುಕೊಂಡಿದ್ದೆ, ಅವರು ನೋಡಿದ್ದು ಕಮೋಡನ್ನು.

ಮೊದಲ ದಿನ ಗತ್ತಿನಿಂದಲೇ ಬಾಗಿಲು ತೆರೆದು ಕಮೋಡು ತೋರಿಸಿದೆ. ದೊರೆ ನೋಡಿದ, ತಲೆ ಅಲ್ಲಾಡಿಸಿದ, ನೀರಿನ ಚೊಂಬು ಹಿಡಿದು ಹಿತ್ತಿಲಿನ ಹಳೆಯ ಪಾಯಿಖಾನೆಗೆ ನಡೆದ. ನಾನು ನಿಮ್ಮ ಹಾಗೆಯೇ ಬದುಕಬೇಕೆಂದು ಬಂದವನು ಎಂದು ಇಂಗ್ಲಿಷಿನಲ್ಲಿ ಹೇಳಿದ. ಅಮ್ಮನಿಗೆ ಅದನ್ನು ತುಳುವಿನಲ್ಲಿ ಹೇಳಿದ ಮೂರ್ಖ ನಾನೇ. ಅಮ್ಮನ ಕಣ್ಣಲ್ಲಿ ನೀರು ಬಂತು.

"ಎಷ್ಟು ಸರಳ ನೋಡು! ನೀನೂ ಇದ್ದಿ ಒಬ್ಬ. ಮಂಡಿನೋವು ನನಗೆ, ಪೇಪರ್ ಹಿಡ್ಕೊಂಡು ಗಂಟೆಗಟ್ಟಲೆ ಅದರ ಮೇಲೆ ಕೂರುವವ ನೀನು!"

ಗಂಟಲಲ್ಲಿ ಮುಳ್ಳು

ನಮ್ಮ ಮನೆಗೆ ಅಂಜಲ್ ಮೀನು ತಂದರೆ ನಡುವಿನ ದಪ್ಪ ತುಂಡು ನನಗೆ. ಅಪ್ಪ ಹೋದ ಮೇಲೆ ನನಗೆ ಬಂದ ಹಕ್ಕು ಅದು. ದೊರೆ ಬಂದ ವಾರದಲ್ಲೇ ಆ ತುಂಡು ಅವನ ಬಟ್ಟಲಿಗೆ ಹೋಯಿತು, ನನಗೆ ಬಾಲ ಬಂತು. ಬಂಗುಡೆ ಮಾಡಿದ ದಿನವಂತೂ ಅಮ್ಮ ಪಕ್ಕದಲ್ಲೇ ಕೂತು ಅವನಿಗೆ ಮುಳ್ಳು ಬಿಡಿಸಿ ಕೊಡುತ್ತಿದ್ದಳು. ನನಗೆ ಅವಳು ಮುಳ್ಳು ಬಿಡಿಸಿಕೊಟ್ಟದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಎಷ್ಟು ದಿನ ಅಂತ ಸಹಿಸುವುದು? ಒಂದು ಮಧ್ಯಾಹ್ನ ಗಂಟಲು ಹಿಡಿದುಕೊಂಡು ಕೂಗಿದೆ.

"ಅಮ್ಮಾ, ಮುಳ್ಳು!"

ಅಮ್ಮ ತಲೆ ಎತ್ತಲಿಲ್ಲ. "ಅನ್ನದ ಉಂಡೆ ನುಂಗು" ಎಂದಳು.

ದೊರೆ ಮಾತ್ರ ಊಟ ಬಿಟ್ಟು ಎದ್ದ. ಟಾರ್ಚು ತಂದ, ನನ್ನ ಬಾಯಿ ಅಗಲಿಸಿದ, ಒಳಗೆಲ್ಲ ಹುಡುಕಿದ. ಇಲ್ಲದ ಮುಳ್ಳು ಎಲ್ಲಿಂದ ಸಿಗಬೇಕು? ಏನೂ ಇಲ್ಲ ಎಂದು ಕೈ ಆಡಿಸಿದ.

"ಪಾಪ, ನಿನ್ನ ಗಂಟಲು ನೋಡ್ತಾ ಅವನ ಅನ್ನ ತಣಿದು ಹೋಯ್ತು" ಎಂದ ಅಮ್ಮ ನನ್ನ ಬಟ್ಟಲಿನ ಮೀನನ್ನು ಎತ್ತಿ ಅವನಿಗೆ ಹಾಕಿದಳು. "ನಿನಗೆ ಹೇಗೂ ಗಂಟಲು ಸರಿ ಇಲ್ಲ. ಇವತ್ತು ಮಜ್ಜಿಗೆ ಅನ್ನ ಸಾಕು."

ನೋಡಿ ಕಲಿಯಬೇಕು

ಮನೆ ಹೋದರೆ ಹೋಗಲಿ, ಕ್ಲಿನಿಕ್ಕಾದರೂ ನನ್ನದು ಅಂದುಕೊಂಡಿದ್ದೆ. ಇಂಜೆಕ್ಷನ್ ಕೊಡುವುದರಲ್ಲಿ ನನ್ನ ಕೈಗುಣಕ್ಕೆ ಹೆಸರಿತ್ತು. ಮೂಡಬಿದ್ರೆ ಕಡೆಯಿಂದಲೂ ಬಸ್ಸು ಬದಲಿಸಿ ಬರುವವರಿದ್ದರು. ನಾನು ಬದುಕಿನಲ್ಲಿ ಗಳಿಸಿದ್ದು ಆ ಹೆಸರೊಂದೇ.

ದೊರೆಗೆ ಸೂಜಿ ಮುಟ್ಟಲು ಡಾಕ್ಟರು ಬಿಟ್ಟಿರಲಿಲ್ಲ. ತೂಕ ನೋಡುವುದು, ರೋಗಿಗಳಿಗೆ ಧೈರ್ಯ ಹೇಳುವುದು, ಇಷ್ಟೇ ಅವನ ಕೆಲಸ. ಅಷ್ಟಕ್ಕೇ ಸಾಲು ರಸ್ತೆಯವರೆಗೆ ಬೆಳೆಯಿತು. ಕಾಯಿಲೆ ಇಲ್ಲದವರೂ ಬಂದು ತೂಕ ನೋಡಿಸಿಕೊಂಡು ಹೋಗುತ್ತಿದ್ದರು.

ಬಿ.ಸಿ.ರೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ನನ್ನನ್ನು ಬಿಟ್ಟು ಬೇರೆ ಯಾರಿಂದಲೂ ಇಂಜೆಕ್ಷನ್ ತೆಗೆದುಕೊಂಡವರಲ್ಲ. ಅವರೇ ಒಂದು ದಿನ ಪ್ಲೇಟು ಬದಲಿಸಿದರು.

"ಕಂಪೌಂಡರೇ, ಬೇಜಾರು ಮಾಡ್ಬೇಡಿ. ಇವತ್ತು ದೊರೆ ಕೊಡ್ಲಿ."

ಅವನು ಕೊಡುವ ಹಾಗಿಲ್ಲ ಎಂದರೂ ಕೇಳಲಿಲ್ಲ. ಕವುಚಿ ಮಲಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ದೊರೆ ಹತ್ತಿರ ನಿಂತು, ಪುಸ್ತಕ ನೋಡಿ ಕಲಿತ ಕನ್ನಡದಲ್ಲಿ "ದಯವಿಟ್ಟು ಹೆದರಬೇಡಿ" ಎಂದ. ನಾನು ಸದ್ದಿಲ್ಲದೆ ನನ್ನ ಕೆಲಸ ಮುಗಿಸಿದೆ.

ಸಾಹೇಬರು ಎದ್ದು ದೊರೆಯನ್ನು ಅಪ್ಪಿಕೊಂಡರು. "ಇರುವೆ ಕಚ್ಚಿದಷ್ಟೂ ಗೊತ್ತಾಗ್ಲಿಲ್ಲ!"

"ಕೊಟ್ಟದ್ದು ನಾನು ಸಾಹೇಬ್ರೇ" ಎಂದೆ.

ಅವರು ಕನಿಕರದಿಂದ ನನ್ನ ಬೆನ್ನು ತಟ್ಟಿದರು. "ಹೊಟ್ಟೆಕಿಚ್ಚು ಪಡ್ಬಾರ್ದು ಮಾರಾಯ್ರೆ. ನೋಡಿ ಕಲೀಬೇಕು."

ಎರಡು ಇಂಜೆಕ್ಷನ್

ಕೊನೆಗೆ ದೇವರು ನನ್ನ ಕಡೆಗೂ ಕಣ್ಣು ಬಿಟ್ಟ ಎನ್ನಿಸಿತು. ಬರಿಗಾಲಲ್ಲಿ ತಿರುಗಾಡುತ್ತಿದ್ದ ದೊರೆ ತುಕ್ಕು ಹಿಡಿದ ಮೊಳೆ ತುಳಿದ. ಡಾಕ್ಟರು "ಒಂದು ಟಿ.ಟಿ. ಕೊಡಿ" ಎಂದರು. ಹೊರಗೆ ಬೆಂಚು ತುಂಬ ಜನ, ಸಾಹೇಬರೂ ಇದ್ದರು. ಸುದ್ದಿ ಕೇಳಿದ ಅಮ್ಮ ಮಂಡಿನೋವು ಮರೆತು ಬಿಸಿ ಗಂಜಿ ಹಿಡಿದುಕೊಂಡು ಓಡಿ ಬಂದಿದ್ದಳು. ಇವರೆಲ್ಲರ ಎದುರು ನನ್ನ ಕೈಗುಣವನ್ನು ದೊರೆಯೇ ಹೊಗಳಬೇಕು, ಹೋದ ಹೆಸರು ಇವತ್ತೇ ವಾಪಸು ಬರಬೇಕು ಎಂದುಕೊಂಡು ಪರದೆ ಎಳೆದೆ.

ಔಷಧಿ ತುಂಬಿಸಿ ತಿರುಗಿದೆ. ತನಗೆಂದೇ ಎತ್ತಿದ ಸೂಜಿ ಕಂಡದ್ದೇ ತಡ, ದೊರೆ ಕಣ್ಣು ಮೇಲೆ ಮಾಡಿ ಗೊನೆಭಾರದ ಬಾಳೆಗಿಡದ ಹಾಗೆ ಮಂಚದ ಮೇಲೆ ಉರುಳಿದ. ನಾನಿನ್ನೂ ಅವನನ್ನು ಮುಟ್ಟಿಯೇ ಇರಲಿಲ್ಲ. ಮುಖಕ್ಕೆ ನೀರು ಚಿಮುಕಿಸಿದೆ. ಎಚ್ಚರವಾದವನು ತೋಳು ಸವರಿ ನೋಡಿಕೊಂಡ. ಮುಖ ಅರಳಿತು. ಹೊರಗಿನವರಿಗೂ ಕೇಳುವಂತೆ ಕೂಗಿದ.

"ಇಂಜೆಕ್ಷನ್ ಆಯಿತು! ನನಗೆ ಸ್ವಲ್ಪವೂ ನೋವು ಆಗಲಿಲ್ಲ!"

ಪರದೆಯಾಚೆ ಗುಜುಗುಜು ಎದ್ದಿತು. "ಕಂಪೌಂಡರ ಕೈ ಅಂದ್ರೆ ಕೈ" ಎಂದು ಸಾಹೇಬರು ಹೇಳಿದ್ದು ನನ್ನ ಕಿವಿಗೇ ಬಿತ್ತು. ಎಷ್ಟು ದಿನದಿಂದ ಕಾದಿದ್ದ ಮಾತು ಅದು! ತುಂಬಿದ ಸಿರಿಂಜು ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಮೋರಿಗೆ ಚೆಲ್ಲಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಆದರೆ ಎಷ್ಟೇ ಹೊಟ್ಟೆಕಿಚ್ಚಿದ್ದರೂ ಹುಡುಗನಿಗೆ ಧನುರ್ವಾಯು ಬರಲಿ ಎನ್ನುವಷ್ಟು ಇರಲಿಲ್ಲ.

"ಇನ್ನೊಂದು ಉಂಟು" ಎಂದೆ.

ದೊರೆ ಹೆದರಿ ತೋಳನ್ನು ಕಲ್ಲು ಮಾಡಿಕೊಂಡ. ಅಂಥ ತೋಳಿಗೆ ಚುಚ್ಚಿದರೆ ಯಾರ ಕೈಗುಣ ತಾನೇ ನಡೆಯುತ್ತದೆ? ಅವನು ಹಾಕಿದ ಬೊಬ್ಬೆಗೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು.

ಹೊರಗೆ ಬಂದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಾಹೇಬರು ಗಡ್ಡ ಸವರಿಕೊಂಡರು.

"ಇದೆಂತ ಮಾರಾಯ್ರೆ, ಒಂದೇ ಕೈಯಲ್ಲಿ ಎರಡು ನಮೂನೆ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ಬಂದಳು.

"ಒಂದೇ ಕೈ ಎಲ್ಲಿ ಸಾಹೇಬ್ರೇ? ಮೊದಲಿನದ್ದು ಹುಡುಗ ತನಗೆ ತಾನೇ ಚುಚ್ಚಿಕೊಂಡದ್ದು. ಎರಡನೆಯದ್ದು ನನ್ನ ಮಗ ಕೊಟ್ಟದ್ದು."