ಮೇಷ್ಟ್ರು ತಿಂದ ಗಿಣ್ಣು

“ಹೆತ್ತ ತಾಯಿಗಿಂತ ಚೆನ್ನಾಗಿ ಸಾಕ್ತೀನಿ, ನೋಡ್ತಿರು!” ಎಂದು ನಾನು ಹೆಂಡತಿ ಭಾಗ್ಯಮ್ಮನೆದುರು ಎದೆ ತಟ್ಟಿಕೊಂಡಾಗ ಕರುವಿಗೆ ಇನ್ನೂ ಒಂದು ದಿನವೂ ತುಂಬಿರಲಿಲ್ಲ. ಬೆಳಿಗ್ಗೆ ಕರು ಹಾಕಿದ ಹಸು ಸಂಜೆಗೆಲ್ಲ ಸತ್ತು, ಅದನ್ನು ಹಿತ್ತಲಲ್ಲಿ ಹೂತು ಆಗಷ್ಟೇ ಕೈ ತೊಳೆದಿದ್ದೆವು.

ಆ ಹಸುವನ್ನು ಭಾಗ್ಯಮ್ಮನ ಅಪ್ಪ ನಂದಗುಡಿಯಿಂದ ನಮ್ಮ ಜಡಿಗೇನಹಳ್ಳಿಯವರೆಗೆ ತಾವೇ ಹಗ್ಗ ಹಿಡಿದು ನಡೆಸಿಕೊಂಡು ಬಂದಿದ್ದರು. ಈಗ ಅವರೂ ಇಲ್ಲ, ಹಸುವೂ ಇಲ್ಲ. ತವರಿನದು ಅಂತ ಅವಳಿಗೆ ಉಳಿದದ್ದು ಈ ಕರು ಒಂದೇ.

ನಾನೋ ಊರಿಗೆಲ್ಲ ಬುದ್ಧಿ ಹೇಳುವ ಸ್ಕೂಲು ಮೇಷ್ಟ್ರು! ಔಷಧದ ಸೀಸೆಯೊಂದನ್ನು ತೊಳೆದೆ. ಯುದ್ಧದ ಕಾಲ, ರಬ್ಬರು ಎಲ್ಲೂ ಸಿಗದು. ನನ್ನ ಸೈಕಲ್ಲಿನ ಟ್ಯೂಬನ್ನೇ ಕತ್ತರಿಸಿ ಸೀಸೆಯ ಬಾಯಿಗೆ ಮೊಲೆತೊಟ್ಟಿನ ಹಾಗೆ ಕಟ್ಟಿದೆ. ಎಂಥ ತ್ಯಾಗ! ಪಕ್ಕದ ಮನೆಯ ಹಾಲು ತಂದು ಕುಡಿಸಿದೆ. ಕರು ಗಟಗಟ ಕುಡಿಯಿತು. ನಾನು ಮೀಸೆ ತಿರುವಿದೆ.

ಮೂರನೆಯ ದಿನ ಶುರುವಾಯಿತು ನೋಡಿ ಭೇದಿ! ನನ್ನ ಪಂಚೆ ಹೋಯಿತು, ಜಗಲಿ ಹೋಯಿತು, ಜಗಲಿಯ ಮೇಲಿಟ್ಟಿದ್ದ ಹಾಜರಿ ಪುಸ್ತಕವೂ ಹೋಯಿತು. ಆ ವಾರ ಯಾವ ಮಗು ಸ್ಕೂಲಿಗೆ ಬಂದಿತ್ತು, ಯಾವುದು ಬಂದಿರಲಿಲ್ಲ ಎಂಬುದು ದೇವರಿಗೇ ಗೊತ್ತು! ಆದರೆ ಸಂಜೆ ಹೊತ್ತಿಗೆ ಕರು ತಲೆ ಎತ್ತಲಿಲ್ಲ. ನನ್ನ ನಗು ನಿಂತುಹೋಯಿತು.

ಮರುದಿನ ಬೆಳಿಗ್ಗೆ ದನದ ರೋಗ ಬಲ್ಲ ಪಿಳ್ಳಣ್ಣನನ್ನು ಕರೆಸಿದೆ. ಅವನು ಹಾಲು ನಿಲ್ಲಿಸಿ ಉಪ್ಪು ಹಾಕಿದ ಗಂಜಿ ತಿಳಿ ಕುಡಿಸಲು ಹೇಳಿ, ಕೊನೆಗೆ ಕೇಳಿದ:

“ಮೊದಲ್ನೇ ದಿನ ಗಿಣ್ಣುಹಾಲು ಕುಡಿಸಿದ್ರಾ ಮೇಷ್ಟ್ರೇ? ಕರೂಗೆ ಅದೇ ಕಣಪ್ಪಾ ಕಾವಲು.”

ಭಾಗ್ಯಮ್ಮ ನನ್ನ ಮುಖ ನೋಡಿದಳು. ಅವತ್ತು ಕರುವನ್ನು ಕೆಚ್ಚಲಿಗೆ ಬಿಡಲು ಹೋದವಳನ್ನು, ಎಳೆಗರುವಿಗೆ ಗಿಣ್ಣು ದಕ್ಕುವುದಿಲ್ಲ ಎಂದು ತಡೆದವನು ನಾನೇ. ಹಿಂಡಿದ್ದನ್ನೆಲ್ಲ ಬೆಲ್ಲ ಹಾಕಿ ಬೇಯಿಸಿ, ಎರಡು ತಟ್ಟೆ ತಿಂದವನೂ ನಾನೇ.

ಸಮೇತನಹಳ್ಳಿಯ ಮುನಿಸ್ವಾಮಿಯ ಮನೆಯಲ್ಲಿ ನಿನ್ನೆ ಹಸು ಕರು ಹಾಕಿದೆಯಂತೆ, ಈಗ ಕೊಟ್ಟರೂ ಸ್ವಲ್ಪ ಗುಣ ಕಾಣಬಹುದು ಎಂದ ಪಿಳ್ಳಣ್ಣ. ಸೈಕಲ್ಲಿಗೆ ಟ್ಯೂಬಿಲ್ಲ! ಬಿಸಿಲಲ್ಲಿ ನಡೆದೇ ಹೋದೆ. ಮುನಿಸ್ವಾಮಿಯ ಹೆಂಡತಿ ಆದಿಲಕ್ಷ್ಮಮ್ಮನ ಹತ್ತಿರ ಗಿಣ್ಣುಹಾಲು ಕೇಳಿದೆ. ಕರುವಿಗೆ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಕರುವಿನ ಪಾಲನ್ನು ಮೇಷ್ಟ್ರೇ ತಿಂದರು ಎಂದು ಗೊತ್ತಾದರೆ ಮಾನ ಉಳಿದೀತೇ? ಮನೆಗೆ ಬೇಕು ಎಂದೆ. ಆಕೆ ಕೂರಿಸಿ, ಮಜ್ಜಿಗೆ ಕೊಟ್ಟು, ಬಹಳ ಹೊತ್ತಿನ ಮೇಲೆ ಬಟ್ಟೆ ಕಟ್ಟಿದ ಪಾತ್ರೆ ತಂದಿಟ್ಟರು. ತುಳುಕದಂತೆ ಎದೆಗೆ ಅವುಚಿಕೊಂಡು ಓಡೋಡಿ ಬಂದೆ.

ಕೊಟ್ಟಿಗೆಯಲ್ಲಿ ಭಾಗ್ಯಮ್ಮ ಸೀಸೆ ಹಿಡಿದು ಕಾಯುತ್ತಿದ್ದಳು. ಕರುವಿನ ತಲೆ ಅವಳ ತೊಡೆಯ ಮೇಲಿತ್ತು. ನಾನು ಬಟ್ಟೆ ಬಿಚ್ಚಿದೆ.

ಏಲಕ್ಕಿಯ ಘಮ ಬಂತು. ಬೆಲ್ಲ ಹಾಕಿ ಹದವಾಗಿ ಬೇಯಿಸಿ, ಚೌಕ ಚೌಕವಾಗಿ ಕೊಯ್ದ ಗಿಣ್ಣು! ಮೇಷ್ಟ್ರಿಗೆ ಇಷ್ಟ ಅಂತ ಆ ತಾಯಿ ಸಕ್ಕರೆ ಬೇರೆ ಉದುರಿಸಿದ್ದರು.

ಕರು ಆ ಸಂಜೆಯೇ ಹೋಯಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ನಾನು ಆ ಬಟ್ಟೆ ಬಿಚ್ಚಿದಾಗ ಭಾಗ್ಯಮ್ಮ ಬೈಯಲಿಲ್ಲ. ಸೀಸೆಯನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದಳು:

“ಮುಚ್ಚಿಡೀಂದ್ರೆ. ಅದು ನೋಡ್ತಿದೆ.”