ಕಾಗದದ ಮೇಲೆ ತಿರುಗುವ ಮಿಕ್ಸಿ

ಲೆಕ್ಕದಲ್ಲಿ ಬಲು ಜಾಣನಾದ ಗಂಡನನ್ನು ಕಟ್ಟಿಕೊಂಡವಳಿಗೆ ವಾದ ಮಾಡುವ ಸುಖವೇ ಇಲ್ಲ. ನನ್ನವರು ವಿದ್ಯುತ್ ಇಂಜಿನಿಯರು. ರಾಮನಗರದ ನಮ್ಮ ಬಡಾವಣೆಯ ಲೈನಿನಲ್ಲಿ ಎಲ್ಲೆಲ್ಲಿ ಎಷ್ಟು ವೋಲ್ಟೇಜು ಎಂಬುದನ್ನು ಕುರ್ಚಿ ಬಿಟ್ಟೇಳದೆ ಹೇಳಬಲ್ಲರು. ಕಂಬ ಕಂಬಕ್ಕೂ ಒಂದಿಷ್ಟು ಕಳೆಯುತ್ತಾ ಬಂದು, ಉತ್ತರ ಅಲುಗಾಡದೆ ನಿಲ್ಲುವವರೆಗೆ ಮತ್ತೆ ಮೊದಲಿನಿಂದ ಹಾಕುತ್ತಾರೆ. ಆ ಲೆಕ್ಕದ ಪ್ರಕಾರ ಲೈನಿನ ತುದಿಯಲ್ಲಿರುವ ನಮ್ಮ ಮನೆಯ ಮಿಕ್ಸಿ ಗಿರ್ರನೆ ತಿರುಗುತ್ತದೆ. ಅಡುಗೆಮನೆಯಲ್ಲಿ ಮಾತ್ರ ಅದು ಮುಲುಗುತ್ತದೆ. ಉರಿಯುವ ಬಲ್ಬಿನೊಳಗಿನ ತಂತಿಯ ಸುರುಳಿಯನ್ನು ನಾನು ಬರಿಗಣ್ಣಿನಲ್ಲಿ ನೋಡಿದ್ದೇನೆ.

ಕಾರಣ ಕಿವಿಗೇ ಕೇಳುತ್ತದೆ. ರೇಷ್ಮೆಗೆ ಬೆಲೆ ಬಂದಾಗಿನಿಂದ ನಮ್ಮ ಕೊನೆಯ ಬೀದಿಯಲ್ಲೇ ಸಾಲುಸಾಲು ಫಿಲೇಚರುಗಳು. ಗೂಡು ಬೇಯಿಸಿ ನೂಲು ತೆಗೆಯುವ ಆ ಕಾರ್ಖಾನೆಗಳ ಮೋಟಾರುಗಳೆಲ್ಲ ಬೆಳಿಗ್ಗೆ ಒಟ್ಟಿಗೆ ಶುರುವಾದರೆ ನಮ್ಮ ಫ್ಯಾನಿನ ಮೇಲೆ ನೊಣ ಕೂತು ವಿಶ್ರಾಂತಿ ಪಡೆಯುತ್ತದೆ.

"ಲೋಡು ಲೈನಿನುದ್ದಕ್ಕೂ ಸಮನಾಗಿ ಹಂಚಿದೆ ಅಂತ ಇಟ್ಕೊಂಡಿದೀನಿ ಕಣೇ" ಎಂದರು ಇವರು.

"ನೀವು ಇಟ್ಕೊಂಡ್ರೆ ಸಾಕೇನ್ರೀ? ಮೋಟಾರೆಲ್ಲ ಈ ತುದೀಲೇ ಇದಾವಲ್ಲ" ಎಂದೆ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮೆಲುದನಿಯಲ್ಲೇ. ಆ ದನಿಯಲ್ಲಿ ಜಗಳವಾಡಿದರೆ ಗಂಡಸರು ಹರಟೆ ಎಂದುಕೊಳ್ಳುತ್ತಾರೆ.

ಕೊನೆಗೆ, ಬೀದಿಗೊಂದು ಹೊಸ ಟ್ರಾನ್ಸ್‌ಫಾರ್ಮರು ಬೇಕೋ ಬೇಡವೋ ಎಂದು ನೋಡಲು ಇವರ ಮೇಲಧಿಕಾರಿಯೇ ಮೀಟರು ಹಿಡಿದು ಬರುವುದೆಂದಾಯಿತು. ತಿಂಡಿ ನಮ್ಮಲ್ಲೇ. ಇಡ್ಲಿ ಬೆಂದಿತ್ತು, ಚಟ್ನಿ ಮಿಕ್ಸಿಯಲ್ಲಿ ಸಿಕ್ಕಿಕೊಂಡಿತ್ತು. ಒರಳುಕಲ್ಲನ್ನು ಮಿಕ್ಸಿ ಬಂದ ಜಂಬದಲ್ಲಿ ನಾದಿನಿಗೆ ಸಾಗಿಸಿಬಿಟ್ಟಿದ್ದೆ. ಗೋಡೆಯಾಚೆಯ ಫಿಲೇಚರಿನ ಜಯಮ್ಮನನ್ನು ಕರೆದು, ಚಟ್ನಿ ಆಗುವಷ್ಟು ಹೊತ್ತು ಮೋಟಾರು ನಿಲ್ಲಿಸುತ್ತೀರಾ ಎಂದು ಕೇಳಿದೆ.

"ಅಷ್ಟೇಯಾ ಅಮ್ಮೋರೆ? ಅದ್ಕ್ಯಾಕಿಷ್ಟು ನಾಚ್ಕತೀರಿ!" ಎಂದವರೇ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಎಲ್ರೂವೆ ಒಸಿ ಮಿಸನ್ನು ನಿಲ್ಸ್ರಪ್ಪಾ! ಅಮ್ಮೋರ್ ಮನೇಗೆ ನೆಂಟ್ರು ಬತ್ತಾವ್ರೆ. ಅವ್ರು ಉಂಡು ಎದ್ದೋಗಗಂಟ ಯಾರೂ ಹಾಕ್ಬ್ಯಾಡಿ!"

ನೆಂಟರೆಂದ ಮೇಲೆ ಮುಗಿಯಿತು. ಬೀದಿಗೆ ಬೀದಿಯೇ ತಣ್ಣಗಾಯಿತು. ಚಟ್ನಿ ಬೆಣ್ಣೆಯಂತೆ ಬಂತು. ಆ ಸಂಭ್ರಮದಲ್ಲಿ ನಾನು ಮುಂದಿನದನ್ನು ಯೋಚಿಸಲೇ ಇಲ್ಲ.

ಅಧಿಕಾರಿಗಳು ಬಂದು ಪ್ಲಗ್ಗಿಗೆ ಮೀಟರು ಹಚ್ಚಿದರು. "ಏನ್ರೀ ಇದು, ನಿಮ್ಮ ಲೆಕ್ಕಕ್ಕೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸ ಇಲ್ಲ! ಇಂಥ ಲೈನಿಗೆ ಟ್ರಾನ್ಸ್‌ಫಾರ್ಮರು ಯಾಕೆ?" ಇವರ ಮುಖ ಬೆಳಗಿತು. ಮದುವೆಯ ದಿನವೂ ಅಷ್ಟು ಬೆಳಗಿರಲಿಲ್ಲ. ನಾನು ಬಾಯಿ ತೆರೆದೆ. "ಇನ್ನೆರಡು ಇಡ್ಲಿ ಹಾಕಮ್ಮಾ, ಚಟ್ನಿ ಭೇಷಾಗಿದೆ" ಎಂದರು ಅಧಿಕಾರಿಗಳು. ಹಾಕಿದೆ.

ಜೀಪು ಹೊರಟಿತು, ಬೀದಿಯ ಮೋಟಾರುಗಳೆಲ್ಲ ಒಮ್ಮೆಗೇ ಗುಡುಗಿದವು. "ಲೆಕ್ಕ ಸುಳ್ಳು ಅಂತಿದ್ಯಲ್ಲ, ಈಗೇನಂತೀಯ?" ಎಂದರು ಇವರು. ಇಷ್ಟು ವರ್ಷ ಇವರ ಕೈಲಿ ಆಗದ್ದನ್ನು, ಆ ಲೆಕ್ಕವನ್ನು ನಿಜ ಮಾಡುವ ಕೆಲಸವನ್ನು, ನಾನೊಬ್ಬಳೇ ಒಂದು ಬೆಳಿಗ್ಗೆಯಲ್ಲಿ ಮುಗಿಸಿದ್ದೆ.