ಸಾಹುಕಾರರ ಕೆರೆಯ ಹೂಳು

ಕೆಲವರಿಗೆ ಹೋದಲ್ಲೆಲ್ಲ ಪರಿಚಯದವರು ಸಿಗುತ್ತಾರೆ, ಕೆಲವರಿಗೆ ಎಂಥ ರಶ್ಶಿನಲ್ಲೂ ಬಸ್ಸಿನ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ನನಗೆ ಸಿಗುವುದು ಇಂಥ ಪ್ರಸಂಗಗಳು. ನಾನೇನೂ ಮಾಡಬೇಕಿಲ್ಲ, ಬಾಯಿ ಮುಚ್ಚಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದರೆ ಸಾಕು, ತಾವಾಗಿಯೇ ನಡೆಯುತ್ತವೆ. ಬಾಯಿ ಮುಚ್ಚಿಕೊಂಡು ನಿಲ್ಲುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಹೇಳಬೇಕಾದ್ದು ತಲೆಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ, ಕನ್ನಡವಾಗಿ ನಾಲಿಗೆಗೆ ಇಳಿಯುವಷ್ಟರಲ್ಲಿ ಎದುರಿಗಿದ್ದವರು ಕಾಫಿ ಕುಡಿದು ಎದ್ದು ಹೋಗಿರುತ್ತಾರೆ.

ತೊಂಬತ್ತರ ದಶಕದ ನಡುವೆ, ಬಿ.ಎ. ಮುಗಿಸಿ ಶಿಕಾರಿಪುರದ ಮನೆಯಲ್ಲಿ ಕೂತಿದ್ದಾಗ ಒಂದು ಕೆಲಸ ಸಿಕ್ಕಿತು. ಊರಿನ ಅಕ್ಕಿ ಗಿರಣಿಯ ಸಾಹುಕಾರರಿಗೆ ಸೊರಬದ ದಾರಿಯಲ್ಲಿ ಜಮೀನಿತ್ತು, ಜಮೀನಿನಲ್ಲಿ ಒಂದು ಸ್ವಂತ ಕೆರೆಯೂ ಇತ್ತು. ಗುಡವಿ ಪಕ್ಷಿಧಾಮಕ್ಕೆ ಹಕ್ಕಿ ನೋಡಲು ಕಾರಿನಲ್ಲಿ ಬರುವವರನ್ನು ಕಂಡು, ನಮ್ಮ ಕೆರೆಗೂ ಹಕ್ಕಿ ಬರಬೇಕು, ಹಕ್ಕಿಯ ಹಿಂದೆ ದೊಡ್ಡ ಜನ ಬರಬೇಕು ಎಂದು ಅವರಿಗೆ ಆಸೆಯಾಯಿತು. ಬೇಸಿಗೆಯಲ್ಲಿ ಯಂತ್ರ ತರಿಸಿ ಕೆರೆಯ ಹೂಳೆತ್ತಿಸಿದರು, ದಂಡೆಯ ಮೇಲೆ ಒಂದು ಗೆಸ್ಟ್ ಹೌಸ್ ಕಟ್ಟಿಸಿದರು. ಪಕ್ಕದ ತಗಡಿನ ಶೆಡ್ಡಿನಲ್ಲಿ ಟೈಪ್‌ರೈಟರ್ ಮುಂದೆ ಕೂತು ಇಂಗ್ಲಿಷಿನಲ್ಲಿ ಕಾಗದ ಬರೆಯುವುದು ನನ್ನ ಕೆಲಸ.

೧. ಮಣ್ಣು ಯಾರದು?

ಕೆರೆಯ ಹೂಳೆತ್ತಿದರೆ ಸುತ್ತಲಿನ ರೈತರು ಗಾಡಿ ಕಟ್ಟಿಕೊಂಡು ಬಂದು ಆ ಮಣ್ಣನ್ನು ಗದ್ದೆಗೆ ಹೊಡೆದುಕೊಳ್ಳುವುದು ನಮ್ಮ ಕಡೆ ಅಜ್ಜ ಮುತ್ತಜ್ಜಂದಿರ ಕಾಲದಿಂದ ನಡೆದು ಬಂದದ್ದು. ಗೊಬ್ಬರಕ್ಕಿಂತ ಮೇಲು ಆ ಮಣ್ಣು. ಕೆರೆಯ ಕೆಳಗಿನ ಕೇರಿಯವರೂ ಹಾಗೆಯೇ ಗಾಡಿ ತಂದರು. ಅವರ ಮುಂದೆ ಒಬ್ಬ ಅಜ್ಜಿ, ತಲೆಯ ಮೇಲೆ ಬುಟ್ಟಿ ಹೊತ್ತು.

ಸಾಹುಕಾರರು ದಂಡೆಯ ಮೇಲೆ ನಿಂತು ಕೂಗಿದರು. "ಯಾರನ್ನ ಕೇಳಿ ಬಂದ್ರಿ? ನಮ್ಮ ಕೆರೆ, ನಮ್ಮ ಮಣ್ಣು. ಒಂದು ಬುಟ್ಟಿ ಹೊರಗೆ ಹೋಗಂಗಿಲ್ಲ."

"ನಿಮಗೇನಕ್ಕೆ ಬೇಕು ಸಾಹುಕಾರ್ರೇ, ಇಷ್ಟು ಮಣ್ಣು?" ಎಂದಳು ಅಜ್ಜಿ.

"ಬೇಕೋ ಬ್ಯಾಡೋ, ನಮ್ದು."

ಗಾಡಿಗಳು ಖಾಲಿ ವಾಪಸು ಹೋದವು. ಹೂಳೆಲ್ಲ ಕೋಡಿ ಕಾಲುವೆಯ ಪಕ್ಕದ ಇಳಿಜಾರಿನಲ್ಲಿ ಗುಡ್ಡವಾಗಿ ಬಿತ್ತು. ಅದೇ ಕಾಲುವೆಯ ಕೆಳತುದಿಯಲ್ಲಿ ಕೇರಿಯ ಸೇದುವ ಬಾವಿ, ಕಟ್ಟೆ ಮೊಣಕಾಲೆತ್ತರ. ಕೇರಿಗೆಲ್ಲ ಕುಡಿಯಲು ಅದೊಂದೇ.

ನಾನು ಬಸ್ಸಿಳಿಯುವುದು ಅಜ್ಜಿಯ ಮನೆಯ ಎದುರಿಗೇ. ದಿನಾ ಬೆಳಿಗ್ಗೆ ಕರೆದು ಒಂದು ಲೋಟ ನೀರು ಕೊಡುತ್ತಿದ್ದಳು. ಲೋಟದ ತಳದಲ್ಲೊಂದು ತಗ್ಗಿತ್ತು, ನೀರಿನೊಳಗಿಂದ ಕನ್ನಡಿಯ ಹಾಗೆ ಕಾಣುತ್ತಿತ್ತು. ಮೊದಲ ಮಳೆಯ ಮರುದಿನ ತಗ್ಗು ಕಾಣಲಿಲ್ಲ, ಲೋಟದ ತಳವೂ ಕಾಣಲಿಲ್ಲ. ನಾನು ಲೋಟ ಹಿಡಿದು ನಿಂತೆ.

"ಚಹಾ ಅಂದ್ಕೊಂಡು ಕುಡಿ ಮಗಳೇ," ಎಂದಳು ಅಜ್ಜಿ. "ಮೇಲಿಂದ ಕಾಸಿ ಕಳಿಸ್ಯಾರೆ. ಸಕ್ಕರೆ ಒಂದು ಹಾಕೋದು ಮರ್ತಾರೆ."

೨. ಫಾರಿನ್ ಹುಲ್ಲು

ಕೇರಿಯವರು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು, ಕಚೇರಿಯಿಂದ ಸಾಹುಕಾರರಿಗೆ ನೋಟೀಸು ಬಂತು. ಸಾಹುಕಾರರು ನಗುತ್ತಾ ನನ್ನ ಮೇಜಿಗೆ ಎಸೆದರು.

"ಇಂಗ್ಲಿಷಿನಾಗೆ ಉತ್ತರ ಬರಿಯಮ್ಮ, ಉದ್ದಕೆ ಬರಿ. ಓದಿ ಅರ್ಥ ಮಾಡ್ಕೊಳ್ಳಾಕೆ ಅವ್ರಿಗೆ ಎರಡು ತಿಂಗಳು ಬೇಕು. ಅಷ್ಟರಾಗೆ ಮಳೆಗಾಲ ಮುಗೀತೈತೆ."

ರಾಡಿ ನೀರನ್ನು ತಡೆಯಲು ಸೂಕ್ತ ಕ್ರಮ ಕೈಗೊಳ್ಳಲಾಗಿದೆ ಎಂದು ಎರಡು ಪುಟ ಬರೆದೆ. ಬರೆದ ಮೇಲೆ, ಒಂದಾದರೂ ಕ್ರಮ ಇರಲಿ ಎಂದು ನನಗೇ ನಾಚಿಕೆಯಾಯಿತು. ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯೊಂದು ಶೆಡ್ಡಿನಲ್ಲಿ ಬಿದ್ದಿತ್ತು. ಅದರಲ್ಲಿ ಚಿತ್ರ ಸಮೇತ ಇತ್ತು: ಒಣಹುಲ್ಲನ್ನು ಒತ್ತಾಗಿ ಪಿಂಡಿ ಕಟ್ಟಿ, ಕಾಲುವೆಗೆ ಅಡ್ಡ ಇಟ್ಟು, ಗೂಟ ಹೊಡೆಯಬೇಕು. ನೀರು ಸೋಸಿ ಹೋಗುತ್ತದೆ, ಮಣ್ಣು ಹುಲ್ಲಿನಲ್ಲಿ ನಿಲ್ಲುತ್ತದೆ. ಧೈರ್ಯ ಮಾಡಿ ಸಾಹುಕಾರರ ಆಳುಗಳ ಮೇಸ್ತ್ರಿಗೆ ಓದಿ ಹೇಳಿದೆ.

"ಫಾರಿನ್‌ನಾಗೆ ಹಿಂಗೇ ಮಾಡ್ತಾರೇನ್ರೀ ಅಮ್ಮಾವ್ರೇ?"

"ಹೂಂ."

"ಅಲ್ಲಿ ದನ ಇಲ್ಲೇನ್ರೀ?"

ಯಾಕೆ ಕೇಳಿದ ಎಂದು ಆಗ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ತಿಳಿಯಿತು. ಗೂಟಗಳು ಸಾಲಾಗಿ ನಿಂತಿದ್ದವು. ಗೂಟಗಳು ಮಾತ್ರ.

ಸಾಹುಕಾರರು ಕೆರಳಿದರು. "ಕೆಳಗಿನ ಕೇರಿಯೋರ ದನಾನೇ! ಹಿಡಿದು ದೊಡ್ಡಿಗೆ ಹಾಕ್ಸು!"

ಮೇಸ್ತ್ರಿ ತಲೆ ಕೆರೆದುಕೊಂಡ. "ಅವು ನಮ್ಮ ಕೊಟ್ಟಿಗೆಯವೇ ಸಾಹುಕಾರ್ರೇ."

ಸಾಹುಕಾರರ ಮುಖ ಅರಳಿತು. "ಹಂಗಾದ್ರೆ ಬಿಡು. ಹೊರಗೇನೂ ಹೋಗ್ಲಿಲ್ವಲ್ಲ."

೩. ನೀರು ದಾಟಿದರೆ ತಡೆ ಯಾಕೆ?

ಪುಸ್ತಿಕೆಯಲ್ಲಿ ಇನ್ನೊಂದು ಉಪಾಯವಿತ್ತು. ಹೂಳಿನ ಗುಡ್ಡದ ಬುಡಕ್ಕೆ, ನೀರು ಬಿಟ್ಟು ಮಣ್ಣು ಹಿಡಿಯುವ ಬಟ್ಟೆಯ ಬೇಲಿ ಕಟ್ಟುವುದು. ಮೇಸ್ತ್ರಿ ಒಂದೇ ದಿನದಲ್ಲಿ ಕಟ್ಟಿಯೇ ಬಿಟ್ಟ, ಪ್ಲಾಸ್ಟಿಕ್ಕಿನ ಗೊಬ್ಬರದ ಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದು, ಒಳಗೊಂದು ಟಾರ್ಪಾಲು ಬೇರೆ ಹೊದಿಸಿ.

"ನೀರು ದಾಟಬೇಕು..." ಎಂದೆ ನಾನು. ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೆಯ ಸಲ ಹೇಳಿದೆ.

ಮೇಸ್ತ್ರಿ ಮಗುವಿಗೆ ಪಾಠ ಹೇಳುವವನ ಹಾಗೆ ನನ್ನನ್ನು ನೋಡಿದ. "ನೀರು ದಾಟಿದ್ರೆ ಅದು ತಡೆ ಹೆಂಗಾತೈತ್ರೀ ಅಮ್ಮಾವ್ರೇ? ತಡೆ ಅಂದ್ರೆ ತಡೀಬೇಕು."

ತಡೆಯಿತು. ರಾತ್ರಿಯೆಲ್ಲ ಸುರಿದ ಮಳೆಯನ್ನು ಒಂದು ಹನಿ ಬಿಡದೆ ತಡೆಯಿತು. ಬೆಳಿಗ್ಗೆ ಆ ನೀರು ಬೇಲಿಯ ಉದ್ದಕ್ಕೂ ಮೆಲ್ಲಗೆ ಹರಿದು, ತುದಿಯಲ್ಲಿ ತಿರುಗಿ, ಹೊಸ ಗೆಸ್ಟ್ ಹೌಸಿನ ಕೆಂಪು ನೆಲದ ಮೇಲೆ ಮೊಣಕಾಲುದ್ದ ನಿಂತಿತ್ತು.

ಹೂಳು ಬೇರೆ ಕಡೆ ಹಾಕಿಸಿ ಎಂದು ಕೇರಿಯವರು ಮೂರು ವಾರದಿಂದ ಕೇಳುತ್ತಿದ್ದಾಗ ಆಳಿಲ್ಲ, ಗುದ್ದಲಿಯಿಲ್ಲ, ಗುರುವಾರ ಮಣ್ಣು ಅಗೆಯಬಾರದು ಎಂದೆಲ್ಲ ಇತ್ತು. ಅವತ್ತು ಗುರುವಾರ. ಹತ್ತು ಗಂಟೆಯೊಳಗೆ ಹದಿನೈದು ಆಳು ಬಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಬೇಲಿ ಕಿತ್ತು, ನೀರನ್ನು ಮತ್ತೆ ಕೇರಿಯ ಕಡೆಗೆ ತಿರುಗಿಸಿ ಆಗಿತ್ತು.

ಸಾಹುಕಾರರು ಸೊಂಟದ ಮೇಲೆ ಕೈಯಿಟ್ಟು ತೃಪ್ತಿಯಿಂದ ಹೇಳಿದರು, "ನೋಡಮ್ಮ, ಎಷ್ಟು ಬೇಗ ಆತು. ಮನಸ್ಸು ಮಾಡ್ಬೇಕು ಅಷ್ಟೆ."

ಮರುದಿನ ಅಜ್ಜಿಯ ಲೋಟದ ನೀರು ತಿಳಿಯಾಗಿತ್ತು. ಆದರೆ ಬಾಯೆಲ್ಲ ಒಗರು. ಕ್ಷೌರದಂಗಡಿಯಿಂದ ಪಟಿಕದ ಕಲ್ಲು ತರಿಸಿ ಕೊಡಕ್ಕೆ ಹಾಕಿದ್ದಳು, ಮಣ್ಣು ತಳಕ್ಕೆ ಕೂರಲಿ ಎಂದು. ನಾನು ಮುಖ ಸಿಂಡರಿಸಿದ್ದು ಕಂಡು ಸಮಾಧಾನ ಹೇಳಿದಳು: "ಕುಡಿ ಕುಡಿ. ಹೊಟ್ಟೆಯೊಳಗೆ ಗಡ್ಡ ಗಿಡ್ಡ ಇದ್ರೆ ನುಣ್ಣಗಾಗ್ತದೆ."

೪. ಯೋಜನೆಯ ಎಮ್ಮೆಗಳು

ಒಂದು ಉಪಾಯ ಮಾತ್ರ ನಿಜವಾಗಿ ಫಲಿಸಿತು. ಬಾವಿಗೆ ಹೋಗುವ ಮೊದಲು ನೀರು ಸ್ವಲ್ಪ ಹೊತ್ತು ನಿಂತು ತಿಳಿಯಾಗಲಿ ಎಂದು ಕಾಲುವೆಯ ನಡುವೆ ಅಗಲವಾದ ಗುಂಡಿ ತೋಡುವುದು. ಪುಸ್ತಿಕೆಯ ಕೊನೆಯ ಪುಟ. ಸಾಹುಕಾರರು ಬೇಡವೆನ್ನಲಿಲ್ಲ, ಕಚೇರಿಯಿಂದ ಅಧಿಕಾರಿ ನೋಡಲು ಬರುವ ಸುದ್ದಿಯಿತ್ತು. ಗುಂಡಿ ತೋಡಿದ ಮೇಲೆ ಮೂರು ದಿನ ಕಾಲುವೆಯ ಕೆಳಗೆ ತಿಳಿನೀರು ಹರಿಯಿತು. ನಾನು ಮೂರು ಹೊತ್ತೂ ಹೋಗಿ ನೋಡಿ ಬಂದೆ. ಮನೆಯಲ್ಲಿ ಊಟಕ್ಕೆ ಕೂತಾಗ ಒಬ್ಬಳೇ ನಕ್ಕೆನಂತೆ. ಅಮ್ಮನಿಗೆ ಬೇರೆಯದೇ ಅನುಮಾನ ಬಂದು ಎರಡು ದಿನ ನನ್ನ ಕೈಚೀಲ ತಡಕಾಡಿದಳು.

ನಾಲ್ಕನೆಯ ದಿನ ಎಮ್ಮೆಗಳಿಗೆ ಗುಂಡಿಯ ವಿಷಯ ಗೊತ್ತಾಯಿತು. ಕುತ್ತಿಗೆಯವರೆಗೆ ಮುಳುಗಿ ಏಳು ಎಮ್ಮೆ ಮಲಗಿದ್ದವು. ಒಂದೊಂದು ಹೊರಳಿದಾಗಲೂ ತಳದ ಕೆಸರೆಲ್ಲ ಎದ್ದು ಕೇರಿಯ ಕಡೆ ಹೊರಡುತ್ತಿತ್ತು. ಎಬ್ಬಿಸಿ ಎಂದು ನಾನು ಮೇಸ್ತ್ರಿಗೆ ಹೇಳುವಷ್ಟರಲ್ಲಿ ಅಧಿಕಾರಿಯ ಜೀಪು ಬಂದು ನಿಂತಿತು.

"ಏನ್ರೀ ಇದು?" ಎಂದರು ಅಧಿಕಾರಿ.

ಸಾಹುಕಾರರು ಒಂದು ಕ್ಷಣವೂ ತಡವರಿಸಲಿಲ್ಲ. "ಜಾನುವಾರಿಗೆ ನೀರಿನ ಅನುಕೂಲ ಮಾಡಿವಿ ಸಾರ್. ಮೂಕ ಪ್ರಾಣಿಗಳು."

ಅಧಿಕಾರಿ ಮೆಚ್ಚಿಕೊಂಡರು. ಹಿಂದೆ ಕಳಿಸಿದ ಇಂಗ್ಲಿಷ್ ಉತ್ತರ ಏನಾಯಿತೆಂದು ಸಾಹುಕಾರರು ವಿಚಾರಿಸಿದರೆ, "ಮೇಲಿನ ಕಚೇರಿಗೆ ಕಳಿಸಿದೀವಿ, ನಮ್ಮಲ್ಲಿ ಯಾರಿಗೂ ಪೂರ್ತಿ ತಿಳೀಲಿಲ್ಲ" ಎಂದರು. ಸಾಹುಕಾರರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಅವತ್ತೇ ಎಮ್ಮೆಗಳನ್ನು ಸೇರಿಸಿ ಇಂಗ್ಲಿಷಿನಲ್ಲಿ ಇನ್ನೊಂದು ಕಾಗದ ಟೈಪು ಮಾಡಿದೆ. ಅಂದಿನಿಂದ ಅವುಗಳನ್ನು ಎಬ್ಬಿಸುವುದಕ್ಕೆ ಅಪ್ಪಣೆಯಿಲ್ಲ. ಯಾವಾಗಲಾದರೂ ಒಂದು ಎದ್ದು ಮೇಯಲು ಹೊರಟರೆ ಮೇಸ್ತ್ರಿಯೇ ಅಟ್ಟಿಸಿಕೊಂಡು ಬಂದು ಮತ್ತೆ ಗುಂಡಿಗಿಳಿಸುತ್ತಿದ್ದ, ಕಾಗದದಲ್ಲಿ ಏಳು ಅಂತ ಇದೆಯಲ್ಲ ಎಂದು.

೫. ಬಾಗಿನ

ಕೆರೆ ತುಂಬಿ ಕೋಡಿ ಬಿದ್ದರೆ ಯಜಮಾನರು ಬಾಗಿನ ಬಿಡಬೇಕು. ಎರಡು ಮೊರದ ನಡುವೆ ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೇಳೆ ಇಟ್ಟು ಗಂಗೆಗೆ ಒಪ್ಪಿಸುವುದು. ಆ ವರ್ಷ ಸುತ್ತಲಿನ ಕೆರೆಗಳೆಲ್ಲ ಕೋಡಿ ಬಿದ್ದವು. ನಮ್ಮದು ಮಾತ್ರ ಬೀಳಲಿಲ್ಲ. ಹೇಗೆ ಬೀಳಬೇಕು? ಆಳವಾಗಲಿ, ಹೆಚ್ಚು ನೀರು ಹಿಡಿಯಲಿ ಎಂದಲ್ಲವೇ ಹೂಳೆತ್ತಿಸಿದ್ದು. ನೀರು ಕೋಡಿಗೆ ಒಂದು ಮೊಳ ಕೆಳಗೇ ನಿಂತಿತ್ತು. ಸಾಹುಕಾರರು ಆಗಲೇ ಶಿಕಾರಿಪುರದ ದೊಡ್ಡವರನ್ನೆಲ್ಲ ಬಾಗಿನಕ್ಕೆ ಕರೆದಾಗಿತ್ತು.

"ನೀರು ಮೇಲೆ ಬರಂಗಿಲ್ಲ ಅಂದ್ರೆ ಕೋಡೀನೇ ಕೆಳಗೆ ಇಳಿಸನ," ಎಂದ ಮೇಸ್ತ್ರಿ.

ಒಂದೂವರೆ ಮೊಳ ಕಡಿಯಲು ಹಾರೆ ತಂದರು. ಅಷ್ಟು ನೀರು ಒಮ್ಮೆಲೇ ಇಳಿದರೆ ಹೂಳಿನ ಗುಡ್ಡದ ಬುಡವನ್ನೇ ಕೊಚ್ಚಿಕೊಂಡು ನೇರ ಬಾವಿಗೆ ಹೋಗುತ್ತದೆ. ನನಗೆ ಗೊತ್ತಿತ್ತು. ಇಂಗ್ಲಿಷಿನಲ್ಲಿ ಚೆನ್ನಾಗಿ ಗೊತ್ತಿತ್ತು.

"ಸರ್, ಬಾವಿ..." ಎಂದೆ.

"ಸ್ವಾಗತ ಭಾಷಣ ಟೈಪ್ ಆತೇನಮ್ಮ?"

"ಆಯ್ತು ಸರ್," ಎಂದೆ.

ಬಾಗಿನದ ದಿನ ಬೆಳಿಗ್ಗೆ, ಅತಿಥಿಗಳು ಕೂತ ಮೇಲೆ, ಮರೆಯಲ್ಲಿ ಕೊನೆಯ ಹಾರೆ ಏಟು ಬಿತ್ತು. ಕೋಡಿ ಬಿದ್ದಿತು! ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋದವನು ಫೋಟೋ ತೆಗೆದ. ಚಪ್ಪಾಳೆಯ ಸದ್ದಿನಲ್ಲಿ ಹೂಳಿನ ಗುಡ್ಡದ ಅರ್ಧ ಭಾಗ ಜಾರಿ ಕಾಲುವೆಗಿಳಿದದ್ದನ್ನು ನೋಡಿದವಳು ನಾನೊಬ್ಬಳೇ.

ಅತಿಥಿಗಳು ಹೋಳಿಗೆ ಊಟ ಮುಗಿಸುವ ಹೊತ್ತಿಗೆ ಕೆಳಗಿನ ಕೇರಿಯ ಹೆಂಗಸರು ಏರಿ ಹತ್ತಿ ಬಂದರು. ಮುಂದೆ ಅಜ್ಜಿ, ಕೈಯಲ್ಲಿ ಜೋಡಿ ಮೊರ, ಮೇಲೆ ಅರಿಶಿನ ಕುಂಕುಮ, ಹಸಿರು ಬಳೆ. "ನೋಡ್ರೀ, ಕೇರಿಯೋರೂ ಬಾಗಿನ ತಂದಾರೆ!" ಎಂದು ಸಾಹುಕಾರರ ಹೆಂಡತಿ ಹಿಗ್ಗಿ, ಪದ್ಧತಿಯಂತೆ ಸೆರಗೊಡ್ಡಿ ನಿಂತರು. ಅಜ್ಜಿ ಮೊರವನ್ನು ಸೆರಗಿಗೆ ಇಟ್ಟಳು. ರೇಷ್ಮೆ ಸೀರೆ ಭಾರಕ್ಕೆ ಜಗ್ಗಿತು. ಮೇಲಿನ ಮೊರ ಸರಿಸಿದರೆ ಒಳಗೆ ಕಪ್ಪಗೆ, ನುಣ್ಣಗೆ, ಹಸಿ ಹೂಳು.

"ಒಂದು ಬುಟ್ಟಿ ಹೊರಗೆ ಹೋಗಂಗಿಲ್ಲ ಅಂದಿದ್ರಲ್ಲ ಸಾಹುಕಾರ್ರೇ," ಎಂದಳು ಅಜ್ಜಿ, ಎಲ್ಲರಿಗೂ ಕೇಳುವಂತೆ. "ತಪ್ಪಿ ನಮ್ಮ ಬಾವಿಗೆ ಬಂದಿತ್ತು. ನಿಮ್ಮದು ನಮಗ್ಯಾಕೆ? ಇದು ಮೊದಲನೇ ಮೊರ. ಉಳಿದಿದ್ದಕ್ಕೆ ಸೆರಗು ಸಾಲದು, ಪಂಚೆ ಬಿಚ್ಚಿ ಹಿಡೀರಿ."

೬. ಕೊನೆಯ ಕಾಗದ

ಮರುದಿನ ಬಸ್ಸಿಳಿದಾಗ ಅಜ್ಜಿ ಕರೆಯಲಿಲ್ಲ. ಕೊಡ ಹಿಡಿದು ಎರಡು ಮೈಲಿ ಆಚೆಗೆ ನೀರು ತರಲು ಹೋಗಿದ್ದಳು. ಲೋಟ ಜಗಲಿಯ ಮೇಲೆ ಬೋರಲಾಗಿತ್ತು.

ಶೆಡ್ಡಿನಲ್ಲಿ ಸಾಹುಕಾರರು ಬುಸುಗುಡುತ್ತಿದ್ದರು. "ಬರಿಯಮ್ಮ, ಕಚೇರಿಗೆ ಕಂಪ್ಲೇಂಟು! ಬಾವಿಯಾಗಿರೋ ಮಣ್ಣು ಪೂರ್ತಿ ನಮ್ದು, ನಮ್ಮ ಅಪ್ಪಣೆ ಇಲ್ದೆ ಕೇರಿಯೋರು ಇಟ್ಕೊಂಡಾರೆ, ಎತ್ತಾಡ್ತಾರೆ ಅಂತ ಬರಿ."

ನಾನು ತಲೆಯಾಡಿಸಿದೆ. ಟೈಪ್‌ರೈಟರ್ ಮುಟ್ಟಲಿಲ್ಲ. ಪೆನ್ನು ತೆಗೆದು, ಜೀವಮಾನದಲ್ಲಿ ಮೊದಲ ಸಲ, ಕನ್ನಡದಲ್ಲಿ ಒಂದು ಅರ್ಜಿ ಬರೆದೆ. ಒತ್ತಕ್ಷರಗಳೆಲ್ಲ ಡೊಂಕು. ಆದರೆ ಒಂದು ಮಾತನ್ನೂ ಕೂಡಿಸಲಿಲ್ಲ, ಒಂದನ್ನೂ ಬಿಡಲಿಲ್ಲ: 'ಬಾವಿಯಲ್ಲಿರುವ ಮಣ್ಣು ಪೂರ್ತಿ ನಮ್ಮದು.' ಸಾಹುಕಾರರು ಎಂದಿನಂತೆ ಓದದೆ ಸಹಿ ಹಾಕಿದರು.

ಕಚೇರಿಯಲ್ಲಿ ಅದನ್ನು ಅದೇ ದಿನ ಓದಿದರು. ಮರುದಿನವೇ ಜೀಪು ಬಂತು. "ಮಣ್ಣು ನಿಮ್ಮದೇ ಅಂತ ಸಹಿ ಮಾಡಿ ಕೊಟ್ಟಿದೀರಿ," ಎಂದರು ಅಧಿಕಾರಿ, "ಹಾಗಾದ್ರೆ ನೀವೇ ತೆಗೆಸಿಕೊಂಡು ಹೋಗಿ, ಬಾವಿ ತಿಳಿಯಾಗೋವರೆಗೆ."

ಜೀಪು ಹೋದ ಮೇಲೆ ಸಾಹುಕಾರರು ನನ್ನ ಕಡೆ ತಿರುಗಿದರು. "ಇಂಗ್ಲಿಷ್ ಬರ್ತೈತೆ ಅಂತ ಇಟ್ಕೊಂಡ್ರೆ, ಕನ್ನಡದಾಗೆ ಬರೆದು ಮನೆ ಹಾಳು ಮಾಡಿದ್ಯಲ್ಲೇ!" ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಕೊಡೆ, ಕೈಚೀಲ ತೆಗೆದುಕೊಂಡು ಬಸ್ಸಿಗೆ ಹೊರಟೆ. ಅಷ್ಟರಲ್ಲೇ ಕೇರಿಯ ಬಾವಿಗೆ ಸಾಹುಕಾರರ ಆಳುಗಳು ಇಳಿದಿದ್ದರು. ಬುಟ್ಟಿ ಬುಟ್ಟಿ ಹೂಳು ಮೇಲೆ ಬರುತ್ತಿತ್ತು. ಅಜ್ಜಿ ಕಟ್ಟೆಯ ಪಕ್ಕ ನಿಂತು, "ಆ ಮೂಲೆಯೊಳಗೆ ಇನ್ನೂ ಅದೆ ನೋಡ್ರೋ" ಎಂದು ಬೆರಳು ತೋರಿಸುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ನಾನೂ ನಕ್ಕೆ. ಆಮೇಲೆ, ತುಂಬಿದ ಬುಟ್ಟಿಗಳು ಎಲ್ಲಿಗೆ ಹೋಗುತ್ತಿವೆ ಎಂದು ತಿರುಗಿ ನೋಡಿದೆ. ಆಳುಗಳು ಸಾಲಾಗಿ ಇಳಿಜಾರು ಹತ್ತಿ, ಕಾಲುವೆಯ ಪಕ್ಕದ ಅದೇ ಗುಡ್ಡದ ಮೇಲೆ ಸುರಿಯುತ್ತಿದ್ದರು. ದೂರದಲ್ಲಿ ಚಂದ್ರಗುತ್ತಿಯ ಕಡೆ ಮೋಡ ಕಟ್ಟುತ್ತಿತ್ತು.

ಈ ಸಲ ತಲೆಯಲ್ಲಿ ಇಂಗ್ಲಿಷು ಬರಲೇ ಇಲ್ಲ, ನೇರ ಕನ್ನಡವೇ ಬಂತು. "ಅಲ್ಲೇ ಯಾಕ್ರೀ ಹಾಕ್ತಿದೀರಿ?" ಎಂದು ಕೂಗಿದೆ.

ಮೇಸ್ತ್ರಿಗೆ ನನ್ನ ಪೆದ್ದುತನ ಕಂಡು ನಿಜಕ್ಕೂ ಮರುಕವಾಯಿತು. "ಮತ್ತೆಲ್ಲಿ ಹಾಕ್ಬೇಕ್ರೀ ಅಮ್ಮಾವ್ರೇ? ಜಾಗ ನಮ್ದು, ಮಣ್ಣೂ ನಮ್ದು. ನೀವೇ ಬರೆದು ಕೊಟ್ಟಿದೀರಲ್ರೀ!"